‘ರೀಓಪನ್’ ಎಂಬ ಒಂದು ಕ್ರಿಯಾಪದ

(ಆಂಟಾಪ್ ಹಿಲ್‌ನಲ್ಲಿ ರಾಜ್ಯೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ರಾಜ್ಯೋತ್ಸವದ ವೇದಿಕೆಯಿಂದ ಕನ್ನಡದ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲಿಯೇ ಹಲವರಿದ್ದಾರೆ. ಆದಕಾರಣ ನಾನು ಇಂದು ಒಂದೇ ಒಂದು ಕ್ರಿಯಾಪದವನ್ನು ಆರಿಸಿಕೊಂಡು ಬಂದಿದ್ದೇನೆ. ಅದು ಕನ್ನಡದ್ದಲ್ಲ, ಇಂಗ್ಲಿಷಿನದು: ‘ರೀಓಪನ್’. ರಾಜ್ಯೋತ್ಸವದ ದಿನ ಇಂಗ್ಲಿಷ್ ಪಾಠವೇ ಎಂದು ಯಾರೂ ಮುನಿಯಬಾರದು. ಈ ಮಾತು ನಮ್ಮ ಮನೆಗಳಲ್ಲಿ ನೆಂಟನ ಹಾಗೆ ಬಂದು ಯಜಮಾನನ ಹಾಗೆ ಕುಳಿತಿದೆ. ‘ಸ್ಕೂಲ್ ಯಾವಾಗ ರೀಓಪನ್?’ ‘ಮೊನ್ನೆ ಮುಚ್ಚಿದ ಹೋಟೆಲು ರೀಓಪನ್ ಆಯಿತಂತೆ.’ ‘ಆ ಕೇಸನ್ನು ರೀಓಪನ್ ಮಾಡಿದರಂತೆ.’ ಹೀಗೆ ದಿನಕ್ಕೆ ಎಷ್ಟು ಸಲ ಆಡುತ್ತೇವೆಂದು ಎಣಿಸಿದರೆ ನಮಗೇ ಆಶ್ಚರ್ಯವಾದೀತು. ಇಷ್ಟು ಸಲ ಆಡುವ ಮಾತನ್ನು ವಾಕ್ಯದಲ್ಲಿ ಸರಿಯಾಗಿ ಹೇಗೆ ಬಳಸಬೇಕು, ಅದೇ ಅರ್ಥಕ್ಕೆ ಕನ್ನಡವು ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಇಂಗ್ಲಿಷಿನ ರೂಢಿ. ‘ಓಪನ್’ ಎಂಬ ಕ್ರಿಯಾಪದಕ್ಕೆ ‘ರೀ’ ಎಂಬ ಉಪಸರ್ಗ ಸೇರಿ ಈ ಮಾತು ಆಗಿದೆ. ‘ಮತ್ತೆ’ ಎಂಬ ಅರ್ಥ ಆ ‘ರೀ’ಯಲ್ಲಿಯೇ ಅಡಗಿದೆ. ಆದ್ದರಿಂದ ‘ರೀಓಪನ್’ ಎಂದ ಮೇಲೆ ‘ಅಗೇನ್’ ಎಂದು ಸೇರಿಸಬಾರದು. ಎರಡನೆಯದಾಗಿ, ಈ ಕ್ರಿಯಾಪದ ಕರ್ಮವಿದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ‘ದ ಸ್ಕೂಲ್ ರೀಓಪನ್ಸ್ ಇನ್ ಜೂನ್’ ಎಂದರೆ ಶಾಲೆ ತಾನೇ ತೆರೆದಂತೆ. ‘ದೇ ರೀಓಪನ್ಡ್ ದ ಸ್ಕೂಲ್’ ಎಂದರೆ ಯಾರೋ ತೆರೆದಂತೆ. ಎರಡಕ್ಕೂ ಒಂದೇ ರೂಪ. ಮೂರನೆಯದಾಗಿ, ಇದು ಮುಖ್ಯವಾಗಿ ಮೂರು ಬಗೆಯ ವಸ್ತುಗಳಿಗೆ ಸಲ್ಲುತ್ತದೆ. ಒಂದು, ಸ್ಥಳಗಳು: ಶಾಲೆ, ಅಂಗಡಿ, ರಸ್ತೆ, ಸೇತುವೆ. ಎರಡು, ಮುಗಿದುಹೋದ ವಿಷಯಗಳು: ಮೊಕದ್ದಮೆ, ತನಿಖೆ, ಮಾತುಕತೆ. ಮೂರು, ಗಾಯ. ಇಷ್ಟನ್ನು ನೆನಪಿಟ್ಟರೆ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಯಾರನ್ನೂ ಮೋಸಗೊಳಿಸುವುದಿಲ್ಲ.

ಇನ್ನು ಇದು ನಮ್ಮ ಬಾಯಿಗೆ ಬಂದಾಗ ಏನಾಯಿತು ನೋಡಿ. ಕನ್ನಡವು ಪರಭಾಷೆಯ ಕ್ರಿಯಾಪದವನ್ನು ಹಾಗೆಯೇ ಒಳಕ್ಕೆ ಬಿಡುವುದಿಲ್ಲ. ಅದಕ್ಕೆ ‘ಆಗು’ ಅಥವಾ ‘ಮಾಡು’ ಎಂಬ ಜೋಡಿಯನ್ನು ಕಟ್ಟಿಯೇ ಒಳಕ್ಕೆ ಕರೆದುಕೊಳ್ಳುತ್ತದೆ. ‘ಶಾಲೆ ರೀಓಪನ್ ಆಯಿತು’, ‘ಶಾಲೆಯನ್ನು ರೀಓಪನ್ ಮಾಡಿದರು.’ ಇಂಗ್ಲಿಷು ತೋರಿಸದ ಅಕರ್ಮಕ ಸಕರ್ಮಕ ಭೇದವನ್ನು ನಮ್ಮ ಅಡುಗೆಮನೆಯ ಕನ್ನಡ ತಾನಾಗಿಯೇ ತೋರಿಸಿಬಿಟ್ಟಿತು! ವ್ಯಾಕರಣವನ್ನು ಯಾರೂ ಕಲಿಸದಿದ್ದರೂ ಭಾಷೆ ತನ್ನ ಮರ್ಯಾದೆಯನ್ನು ತಾನೇ ಕಾಯ್ದುಕೊಳ್ಳುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ. ಆದರೆ ಇನ್ನೊಂದು ಕಡೆ ನಾವು ಎಡವುತ್ತೇವೆ. ‘ಮತ್ತೆ ರೀಓಪನ್ ಆಯಿತು’ ಎನ್ನುತ್ತೇವೆ. ‘ಮತ್ತೆ’ಯೂ ‘ರೀ’ಯೂ ಸೇರಿ, ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರನ್ನು ನಿಲ್ಲಿಸಿದ ಹಾಗಾಯಿತು. ಓದಿದವರು ‘ಮತ್ತೆ ಪುನರಾರಂಭವಾಯಿತು’ ಎಂದು ಬರೆಯುವುದೂ ಇದೇ ದೋಷವೇ. ‘ಪುನಃ’ ಎಂಬುದರಲ್ಲಿ ‘ಮತ್ತೆ’ ಬಂದುಹೋಯಿತು.

ಈಗ ಕನ್ನಡದ ಬೊಕ್ಕಸಕ್ಕೆ ಬರೋಣ. ‘ಓಪನ್’ ಎಂಬ ಒಂದೇ ಬೀಗದ ಕೈಯಿಂದ ಇಂಗ್ಲಿಷು ಎಲ್ಲ ಬೀಗಗಳನ್ನೂ ತೆಗೆಯುತ್ತದೆ. ಕನ್ನಡದಲ್ಲಿ ಒಂದೊಂದು ಬೀಗಕ್ಕೆ ಒಂದೊಂದು ಕೈ. ಬಾಗಿಲನ್ನು ತೆಗೆಯುತ್ತೇವೆ. ಅಂಗಡಿಯನ್ನು ತೆರೆಯುತ್ತೇವೆ. ಕಣ್ಣನ್ನು ಬಿಡುತ್ತೇವೆ. ಗಂಟನ್ನು ಬಿಚ್ಚುತ್ತೇವೆ, ಕೊಡೆಯನ್ನೂ ಬಿಚ್ಚುತ್ತೇವೆ. ಹೂವು ಅರಳುತ್ತದೆ. ಸಭೆ ಸುರುವಾಗುತ್ತದೆ. ರಸ್ತೆಯನ್ನು ಸಂಚಾರಕ್ಕೆ ಬಿಟ್ಟುಕೊಡುತ್ತಾರೆ. ಬಿಟ್ಟುಹೋದ ಮಾತನ್ನು ಎತ್ತುತ್ತೇವೆ. ಹೊಲಿದ ಗಾಯದ ಹೊಲಿಗೆ ಬಿಡುತ್ತದೆ. ಮಾಗಿದ ಹುಣ್ಣು ಮತ್ತೆ ಬಾಯಿ ಬಿಡುತ್ತದೆ. ಹಳೆಯ ನೋವನ್ನು ಕೆದಕುತ್ತೇವೆ. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ‘ಕೊಡೆಯನ್ನು ಅರಳಿಸು’ ಎಂದರೆ ಕವಿಯೆಂದಾರು. ‘ಹೂವು ಬಾಗಿಲು ತೆಗೆಯಿತು’ ಎಂದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿಯಾರು.

‘ಇಷ್ಟೊಂದು ಕ್ರಿಯಾಪದಗಳಲ್ಲಿ ಯಾವುದನ್ನು ಎಲ್ಲಿ ಹಾಕುವುದು? ನಮ್ಮ ಮಕ್ಕಳಿಗೆ ಇದು ಕಷ್ಟ’ ಎಂದು ತಂದೆತಾಯಿಗಳು ಹೇಳುತ್ತಾರೆ. ಕಷ್ಟವಿಲ್ಲ. ಇದಕ್ಕೊಂದು ಸುಲಭವಾದ ಸೂತ್ರವಿದೆ. ಹೇಗೆ ತೆರೆಯಬೇಕು ಎಂದು ಕೇಳುವ ಮೊದಲು, ಹೇಗೆ ಮುಚ್ಚಿತ್ತು ಎಂದು ಕೇಳಿ. ಮುಚ್ಚಿದ್ದನ್ನು ತೆರೆಯಬೇಕು. ಕಟ್ಟಿದ್ದನ್ನು ಬಿಚ್ಚಬೇಕು. ಮಡಚಿದ್ದನ್ನೂ ಬಿಚ್ಚಬೇಕು. ಬೀಗ ಹಾಕಿದ್ದರೆ ಬೀಗ ತೆಗೆಯಬೇಕು. ನಿಲ್ಲಿಸಿದ್ದನ್ನು ಸುರುಮಾಡಬೇಕು. ತಡೆದದ್ದನ್ನು ಬಿಡಬೇಕು. ಮುಗಿಸಿದ್ದನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಮುಚ್ಚಿದ ಬಗೆಯೇ ತೆರೆಯುವ ಬಗೆಯನ್ನು ಹೇಳಿಕೊಡುತ್ತದೆ. ಇಂದಿನ ನನ್ನ ಮಾತಿನ ಸಾರವೆಲ್ಲ ಇಷ್ಟೇ. ಇದು ವಾಕ್ಯರಚನೆಗೆ ಮಾತ್ರ ಸಲ್ಲುವ ಸೂತ್ರವಲ್ಲ ಎಂಬುದನ್ನು ಕಡೆಗೆ ಅರಿಕೆ ಮಾಡಿಕೊಳ್ಳುತ್ತೇನೆ.

ಇಲ್ಲಿ ಒಂದೆರಡು ಎಚ್ಚರಿಕೆಗಳು. ‘ತೆಗೆ’ ಎಂಬುದಕ್ಕೆ ಇಲ್ಲವಾಗಿಸು ಎಂಬ ಅರ್ಥವೂ ಉಂಟು. ‘ಅಂಗಡಿ ತೆಗೆದರು’ ಎಂದರೆ ಬೆಳಗಾಯಿತೆಂದು ಅರ್ಥ. ‘ಅಂಗಡಿ ತೆಗೆದುಬಿಟ್ಟರು’ ಎಂದರೆ ದಿವಾಳಿಯೇ ಆಯಿತೇನೋ ಎಂದು ಸಂಶಯ. ಅಂತೆಯೇ ‘ತೆರೆ’ ಎಂಬುದು ಕ್ರಿಯಾಪದವೂ ಹೌದು, ನಾಮಪದವೂ ಹೌದು. ಸಮುದ್ರದ ಅಲೆಯೂ ತೆರೆ, ನಾಟಕದ ಪರದೆಯೂ ತೆರೆ. ನಮ್ಮ ಮುಂಬಯಿಯ ರಾಯಲ್ ಆಪೆರಾ ಹೌಸ್ 1993ರಲ್ಲಿ ಮುಚ್ಚಿ, ದುರಸ್ತಿಯಾಗಿ, 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು. ಇದನ್ನು ಕನ್ನಡದಲ್ಲಿ ‘23 ವರ್ಷಗಳ ಮೇಲೆ ಅಲ್ಲಿ ತೆರೆ ಎದ್ದಿತು’ ಎಂದರೆ ಬಾಗಿಲು ತೆರೆದದ್ದೂ ಪರದೆ ಎದ್ದದ್ದೂ ಒಂದೇ ವಾಕ್ಯದಲ್ಲಿ ಸೇರಿಬರುತ್ತದೆ. ‘ರೀಓಪನ್ ಆಯಿತು’ ಎಂಬಲ್ಲಿ ಈ ರುಚಿ ಎಲ್ಲಿಂದ ಬರಬೇಕು?

‘ರೀ’ ಎಂಬ ಉಪಸರ್ಗಕ್ಕೆ ಕನ್ನಡದಲ್ಲಿ ಏನಿದೆ ಎಂದು ಕೇಳುವವರುಂಟು. ‘ಮರು’ ಇದೆಯಲ್ಲ ಎನ್ನಬಹುದು. ಮರುಮದುವೆ, ಮರುಮುದ್ರಣ, ಮರುಎಣಿಕೆ, ಮರುಪರೀಕ್ಷೆ ಇವೆಲ್ಲ ಚೆನ್ನಾಗಿಯೇ ಇವೆ. ಆದರೆ ಗಮನಿಸಿ, ‘ಮರು’ ಎಂಬುದು ಇವುಗಳಲ್ಲೆಲ್ಲ ನಾಮಪದಕ್ಕೆ ಅಂಟಿದೆ. ಕ್ರಿಯಾಪದಕ್ಕೆ ಅಂಟಿಸಿ ‘ಅಂಗಡಿಯನ್ನು ಮರುತೆರೆದರು’ ಎಂದರೆ ಕಿವಿ ಒಪ್ಪುವುದಿಲ್ಲ. ಕ್ರಿಯಾಪದದ ಹಿಂದೆ ನಾವು ಬಿಡಿಯಾದ ಮಾತನ್ನೇ ಇಡುತ್ತೇವೆ: ಮತ್ತೆ, ತಿರುಗಿ, ಮರಳಿ, ಪುನಃ, ಇನ್ನೊಮ್ಮೆ. ಇವುಗಳಲ್ಲಿಯೂ ಛಾಯೆಗಳಿವೆ. ‘ಮತ್ತೆ’ ಎಂಬುದು ಎಲ್ಲರ ಆಳು, ಎಲ್ಲಿಗೆ ಕಳಿಸಿದರೂ ಹೋಗುತ್ತದೆ. ‘ಮರಳಿ’ ಎಂಬಲ್ಲಿ ಹಿಂದಿದ್ದ ನೆಲೆಗೆ ಬಂದ ಭಾವವಿದೆ. ‘ಇನ್ನೊಮ್ಮೆ’ ಎಂಬಲ್ಲಿ ಎಣಿಕೆ ಇದೆ. ‘ಪುನಃ’ ಎಂಬುದು ಸಂಸ್ಕೃತ ಪದಗಳೊಡನೆ ಕೂಡಿ ಪುನರಾರಂಭ, ಪುನರ್ವಿಚಾರಣೆ ಎಂದು ಕಚೇರಿಯ ಕೋಟು ತೊಟ್ಟು ನಿಲ್ಲುತ್ತದೆ.

ಈ ಕಚೇರಿಯ ಕೋಟು ಈ ಬಡಾವಣೆಯವರಿಗೆ ಹೊಸದಲ್ಲ. ಕೇಂದ್ರ ಸರಕಾರದ ನೌಕರರ ವಸತಿಗಳಿಗೆ ಹೆಸರಾದ ಊರು ಇದು. 1961ರ ಆದಾಯ ತೆರಿಗೆ ಕಾಯಿದೆಯ 147 ಮತ್ತು 148ನೆಯ ಕಲಮುಗಳನ್ನು ಬಲ್ಲವರು ಇಲ್ಲಿ ಇದ್ದೇ ಇದ್ದಾರೆ. ಮುಗಿದುಹೋದ ವರ್ಷದ ತೆರಿಗೆಯ ಲೆಕ್ಕವನ್ನು ಆ ಕಲಮುಗಳ ಮೇರೆಗೆ ಮತ್ತೆ ಕೈಗೆತ್ತಿಕೊಳ್ಳುವುದನ್ನು ಕಚೇರಿಯ ಭಾಷೆಯಲ್ಲಿ ‘ರೀಓಪನ್’ ಎಂದೇ ಹೇಳಿಕೊಂಡು ಬಂದರು. ನಮ್ಮ ಸೂತ್ರವನ್ನು ಇಲ್ಲಿಟ್ಟು ನೋಡಿ. ಇಲ್ಲಿ ಮುಚ್ಚಿದ ಬಾಗಿಲಿಲ್ಲ, ಮುಗಿಸಿದ ಲೆಕ್ಕವಿದೆ. ಆದ್ದರಿಂದ ‘ಲೆಕ್ಕವನ್ನು ತೆರೆದರು’ ಎನ್ನದೆ ‘ಮುಗಿದ ಲೆಕ್ಕವನ್ನು ಮತ್ತೆ ಎತ್ತಿಕೊಂಡರು’ ಎನ್ನಬೇಕು. ಅದನ್ನು ಕೇಳಿದ ಕೂಡಲೆ, ನೋಟೀಸು ಬಂದವನ ಎದೆಬಡಿತ ಕೂಡ ಅರ್ಥವಾಗುತ್ತದೆ!

ಇನ್ನೊಂದು ಸ್ವಾರಸ್ಯ. ಕನ್ನಡವು ಎಷ್ಟೋ ಕಡೆ ‘ಮತ್ತೆ’ಯನ್ನು ಹೇಳುವುದೇ ಇಲ್ಲ. ಹಾಸನದ ಹಾಸನಾಂಬೆಯ ಗುಡಿಯನ್ನು ನೆನೆಯಿರಿ. ವರ್ಷವೆಲ್ಲ ಮುಚ್ಚಿರುವ ಆ ಗರ್ಭಗುಡಿಯನ್ನು ಆಶ್ವಯುಜದಲ್ಲಿ ತೆರೆದು, ದೀಪಾವಳಿಯ ಹೊತ್ತಿಗೆ ಕೆಲವೇ ದಿನ ದರ್ಶನಕ್ಕೆ ಅವಕಾಶ ಕೊಟ್ಟು, ತಿರುಗಿ ಮುಚ್ಚುತ್ತಾರೆ. ‘ಹಾಸನಾಂಬೆಯ ಬಾಗಿಲು ತೆಗೆದರು’ ಎಂದರೆ ಸಾಕು. ‘ಮತ್ತೆ’ ಎನ್ನಬೇಕಾಗಿಲ್ಲ. ವರ್ಷ ವರ್ಷವೂ ನಡೆಯುವುದು ಕೇಳುವವನಿಗೆ ಗೊತ್ತು. ಬೇಸಗೆಯ ರಜೆಯ ಮೇಲೆ ತೆರೆಯುವ ಶಾಲೆಯೂ ಹಾಗೆಯೇ. ನಮ್ಮ ಊರುಗಳಲ್ಲಿ ಹಿರಿಯರು ಕೇಳುತ್ತಿದ್ದುದು ‘ಶಾಲೆ ಯಾವಾಗ ಸುರು?’ ಎಂದು ಮಾತ್ರ. ಕರ್ನಾಟಕ ಸರಕಾರವು ಶಾಲೆಗಳು ತೆರೆಯುವ ದಿನಕ್ಕೆ ಇಟ್ಟಿರುವ ಹೆಸರೂ ‘ಶಾಲಾ ಪ್ರಾರಂಭೋತ್ಸವ’ವೇ ಹೊರತು ಪುನರಾರಂಭೋತ್ಸವವಲ್ಲ. ವರ್ಷದ ಪಾಠ ಹೊಸದು, ತರಗತಿ ಹೊಸದು, ಒಂದನೆಯ ತರಗತಿಯ ಮಗುವಿಗಂತೂ ಶಾಲೆಯೇ ಹೊಸದು. ಇದು ತಿರುಗಿ ತೆರೆಯುವುದಲ್ಲ, ಸುರುವಾಗುವುದು. ‘ಮತ್ತೆ’ ಎಂಬುದು ಬೇಕಾಗುವುದು, ತೆರೆಯುತ್ತದೆಯೋ ಇಲ್ಲವೋ ಎಂಬ ಸಂಶಯ ಇದ್ದಾಗ.

ಅಂಥ ಸಂಶಯದ ಕಾಲವನ್ನು ನಾವೆಲ್ಲ ಕಂಡಿದ್ದೇವೆ. 2020ರ ಮಾರ್ಚಿಯಲ್ಲಿ ಮುಂಬಯಿಯ ಲೋಕಲ್ ಗಾಡಿಗಳು ನಿಂತವು. ಅದೇ ವರ್ಷ ಜೂನ್ 15ರಿಂದ ಅಗತ್ಯ ಸೇವೆಯವರಿಗಾಗಿ ಕೆಲವು ಗಾಡಿಗಳು ಓಡಿದವು. ಮಹಾರಾಷ್ಟ್ರದ ದೇವಾಲಯಗಳು 2020ರ ನವೆಂಬರ್ 16ರಂದು ಬಾಗಿಲು ತೆಗೆದವು. ಮರುವರ್ಷದ ವಸಂತದಲ್ಲಿ ತಿರುಗಿ ಮುಚ್ಚಿ, 2021ರ ಅಕ್ಟೋಬರ್ 7ರಂದು, ನವರಾತ್ರಿಯ ಮೊದಲನೆಯ ದಿನ, ಇನ್ನೊಮ್ಮೆ ತೆಗೆದವು. ಈ ವಾಕ್ಯದಲ್ಲಿ ‘ತಿರುಗಿ’ಯನ್ನೂ ‘ಇನ್ನೊಮ್ಮೆ’ಯನ್ನೂ ಕಿತ್ತುಹಾಕಿದರೆ ನಾವು ಪಟ್ಟ ಪಾಡೇ ಹೊರಟುಹೋಗುತ್ತದೆ. ಆಗ ‘ಮತ್ತೆ’ ಎಂಬ ಎರಡಕ್ಷರಕ್ಕೆ ಎಷ್ಟು ತೂಕವಿದ್ದಿತೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ನಮ್ಮ ಬಾಗಿಲಿನ ಮುಂದಿನ ಮೋನೋರೈಲನ್ನೇ ಪಾಠಕ್ಕೆ ತೆಗೆದುಕೊಳ್ಳೋಣ. ಅದರ ಮೊದಲನೆಯ ಹಂತ ಚೆಂಬೂರಿನಿಂದ ವಡಾಲ ಡಿಪೋವಿನವರೆಗೆ 2014ರ ಫೆಬ್ರವರಿಯಲ್ಲಿ ಸುರುವಾಯಿತು. 2017ರ ನವೆಂಬರ್ 9ರಂದು ಮೈಸೂರು ಕಾಲನಿ ನಿಲ್ದಾಣದ ಬಳಿ ಬೋಗಿಗಳಿಗೆ ಬೆಂಕಿ ಹತ್ತಿ ಸಂಚಾರ ನಿಂತಿತು. 2018ರ ಸೆಪ್ಟೆಂಬರ್ 1ರಂದು ತಿರುಗಿ ಓಡತೊಡಗಿತು. ಆಂಟಾಪ್ ಹಿಲ್ ನಿಲ್ದಾಣವಿರುವ ಎರಡನೆಯ ಹಂತವು 2019ರ ಮಾರ್ಚಿ 3ರಂದು ತೆರೆಯಿತು. ಆದ್ದರಿಂದ ಮೈಸೂರು ಕಾಲನಿಯವರು 2018ರಲ್ಲಿ ‘ಮತ್ತೆ ಸುರುವಾಯಿತು’ ಎನ್ನಬೇಕು. ಆಂಟಾಪ್ ಹಿಲ್‌ನವರು 2019ರಲ್ಲಿ ‘ಸುರುವಾಯಿತು’ ಎಂದಷ್ಟೇ ಹೇಳಬೇಕು. 2020ರ ಮಾರ್ಚಿಯಲ್ಲಿ ನಿಂತು ಅಕ್ಟೋಬರ್ 18ರಂದು ಪುನಃ ಓಡಿದಾಗ ನಮಗೂ ‘ಮತ್ತೆ’ ಎನ್ನುವ ಹಕ್ಕು ಬಂದಿತು. 2025ರ ಸೆಪ್ಟೆಂಬರ್ 20ರಿಂದ, ವ್ಯವಸ್ಥೆಯನ್ನು ಸುಧಾರಿಸುವುದಕ್ಕೆಂದು ಅದನ್ನು ನಿಲ್ಲಿಸಿದರು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾಡಿಯನ್ನು ಕನ್ನಡಿಗನು ತೆರೆಯುವುದಿಲ್ಲ, ಓಡಿಸುತ್ತಾನೆ. ನಿಂತದ್ದು ಓಡಬೇಕು. ನಿಲ್ದಾಣವನ್ನು ತೆರೆಯಬಹುದು, ಗಾಡಿ ಬರದಿದ್ದರೆ ತೆರೆದ ನಿಲ್ದಾಣದಲ್ಲಿ ಕುಳಿತು ಕಡಲೆಕಾಯಿ ತಿನ್ನಬಹುದು, ಅಷ್ಟೆ.

ಈಗ ಸ್ವಲ್ಪ ಗಂಭೀರವಾದ ಉದಾಹರಣೆಗೆ ಬರುತ್ತೇನೆ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನಾಯಕತ್ವದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಸುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಅವರಲ್ಲಿ ಕನ್ನಡದವರೂ ಇದ್ದರು. ಅವರಿಗೆ ಊಟ ಹಾಕುತ್ತಿದ್ದ ಖಾನಾವಳಿಗಳನ್ನೂ ಚಹದ ಅಂಗಡಿಗಳನ್ನೂ ನಡೆಸುತ್ತಿದ್ದವರಲ್ಲಿಯೂ ನಮ್ಮವರು ಇದ್ದರು. ಆ ದಿನಗಳಲ್ಲಿ ಪರೇಲ್, ಲಾಲ್‌ಬಾಗ್‌ಗಳ ಚಾಳುಗಳಲ್ಲಿ ‘ಗಿರಣಿ ಯಾವಾಗ ತೆರೆಯುತ್ತದೆ?’ ಎಂಬುದೊಂದೇ ಪ್ರಶ್ನೆ. ಆ ವಾಕ್ಯ ಭವಿಷ್ಯತ್ಕಾಲದಲ್ಲಿ ಹುಟ್ಟಿತು; ಎಷ್ಟೋ ಗಿರಣಿಗಳ ಪಾಲಿಗೆ ಅದು ಭೂತಕಾಲಕ್ಕೆ ಬರಲೇ ಇಲ್ಲ. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಜಾಗಕ್ಕೆ ಇಂದು ಹೋದರೆ ಗೇಟು ಅಗಲವಾಗಿ ತೆರೆದೇ ಇದೆ. ಒಳಗೆ ದೀಪಗಳಿವೆ, ಅಂಗಡಿಗಳಿವೆ, ಜನಸಂದಣಿ ಇದೆ, ಮಗ್ಗವಿಲ್ಲ. ಗೇಟು ತೆರೆಯಿತು, ಗಿರಣಿ ತೆರೆಯಲಿಲ್ಲ. ಈ ಎರಡಕ್ಕೂ ‘ರೀಓಪನ್’ ಎಂಬ ಒಂದೇ ಮಾತನ್ನು ಬಳಸುವವನು ಭಾಷೆಯಲ್ಲಿ ತಪ್ಪುವುದಲ್ಲದೆ ಚರಿತ್ರೆಯಲ್ಲಿಯೂ ತಪ್ಪುತ್ತಾನೆ.

ವಾಕ್ಯರಚನೆಯ ಕಡೆಯ ಮಾತೊಂದು ಉಳಿದಿದೆ. ಇಂಗ್ಲಿಷಿನಿಂದ ಅನುವಾದ ಮಾಡುವವರು ‘ವಾಚನಾಲಯವು ಮತ್ತೆ ತೆರೆಯಲ್ಪಟ್ಟಿತು’ ಎಂದು ಬರೆಯುತ್ತಾರೆ. ಈ ‘ಪಟ್ಟಿತು’ ಎಂಬುದು ಕನ್ನಡದ ನಾಲಗೆಗೆ ಭಾರ. ಅದಕ್ಕಿಂತ ದೊಡ್ಡ ದೋಷವೆಂದರೆ, ತೆರೆದವರು ಯಾರು ಎಂಬುದನ್ನು ಅದು ಮರೆಸುತ್ತದೆ. ಕನ್ನಡದಲ್ಲಿ ಮೂರು ಬಗೆಗಳಿವೆ. ‘ಬಾಗಿಲು ತೆರೆದುಕೊಂಡಿತು’ ಎಂದರೆ ತಾನಾಗಿ ಆಯಿತು, ಗಾಳಿಯೋ ಏನೋ. ‘ಬಾಗಿಲು ತೆರೆಯಿತು’ ಎಂದರೆ ಯಾರೆಂಬ ಚಿಂತೆ ಬೇಡ. ‘ನಾವು ಬಾಗಿಲು ತೆರೆದೆವು’ ಎಂದರೆ ಹೊಣೆ ಹೊತ್ತವರು ಎದುರಿಗೆ ನಿಂತಿದ್ದಾರೆ. ಸಂಘದ ವರದಿಗಳನ್ನು ಬರೆಯುವ ಕಾರ್ಯದರ್ಶಿಗಳಲ್ಲಿ ನನ್ನ ವಿಜ್ಞಾಪನೆ: ಕೆಲಸ ಮಾಡಿದವರು ನೀವೇ ಆಗಿದ್ದರೆ ಮೂರನೆಯ ಬಗೆಯಲ್ಲಿ ಬರೆಯಿರಿ. ಮಾಡದೆ ಇದ್ದರೆ ‘ತೆರೆಯಲ್ಪಡಲಿದೆ’ ಎಂದು ಬರೆಯುವ ಆಸೆಯನ್ನು ಅದುಮಿಕೊಳ್ಳಿರಿ.

ಮಹನೀಯರೆ, ಈ ಎಲ್ಲವನ್ನೂ ಹೇಳಿದ್ದು ಒಂದು ವಾಕ್ಯದ ಸಲುವಾಗಿ. ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗುಗಳ ಜೊತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿತು. ನಮ್ಮವರೂ ಕನ್ನಡ ಶಾಲೆಗಳನ್ನು ಕಟ್ಟಿದರು. ಹಗಲು ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದರು. ಅಲ್ಲಿ ಓದಿ ಮೇಲೆ ಬಂದವರು ಈ ನಗರದ ಎಲ್ಲ ಭಾಗಗಳಲ್ಲಿಯೂ ಇದ್ದಾರೆ. ಆದರೆ ಅಂಥ ಕನ್ನಡ ತರಗತಿಗಳಲ್ಲಿ ಹಲವು ಈಗ ಇಲ್ಲ. ‘ಅವು ರೀಓಪನ್ ಆಗಬೇಕು’ ಎಂದು ಸಭೆಗಳಲ್ಲಿ ಹೇಳುತ್ತೇವೆ, ಮನವಿ ಬರೆಯುತ್ತೇವೆ. ಬರೆಯುವುದು ತಪ್ಪಲ್ಲ. ಆದರೆ ನಮ್ಮ ಸೂತ್ರವನ್ನು ಇಲ್ಲಿಯೂ ಕೇಳಿಕೊಳ್ಳಬೇಕಲ್ಲವೆ? ಅವು ಹೇಗೆ ಮುಚ್ಚಿದವು?

ಆ ತರಗತಿಗಳಿಗೆ ಯಾರೂ ಒಂದು ದಿನ ಬಂದು ಬೀಗ ಜಡಿಯಲಿಲ್ಲ. ಒಂದು ವರ್ಷ ಮೂವತ್ತು ಮಕ್ಕಳಿದ್ದಲ್ಲಿ ಮರುವರ್ಷ ಇಪ್ಪತ್ತಾದರು, ಆಮೇಲೆ ಹತ್ತಾದರು, ಆಮೇಲೆ ಹಾಜರಿ ಪುಸ್ತಕವೇ ಬೇಡವಾಯಿತು. ಬೀಗ ಬಿದ್ದದ್ದು ಕಡೆಯಲ್ಲಿ. ಕಾರಣಗಳು ಇಲ್ಲದೆ ಇಲ್ಲ. ಇಂಗ್ಲಿಷು ಬಾರದೆ ಕೆಲಸ ಸಿಕ್ಕದು ಎಂಬ ಭಯ ನ್ಯಾಯವಾದದ್ದೇ. ಮಗನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ ತಂದೆಯನ್ನು ನಾನು ದೂರುವುದಿಲ್ಲ. ಆದರೆ ಮಕ್ಕಳು ಬರುವುದು ನಿಂತು ಮುಚ್ಚಿದ್ದನ್ನು ಬೀಗ ತೆಗೆದು ತೆರೆಯುವುದಕ್ಕಾಗದು. ಮಕ್ಕಳು ಬರುವುದು ಸುರುವಾಗಬೇಕು. ಬೀಗದ ಕೈ ಪಾಲಿಕೆಯ ಕಚೇರಿಯಲ್ಲಿ ಇದ್ದೀತು. ಮಕ್ಕಳು ಇರುವುದು ನಮ್ಮ ಮನೆಗಳಲ್ಲಿ.

ಹಾಗಾದರೆ ಏನು ಮಾಡಬೇಕು? ದೊಡ್ಡ ಕಟ್ಟಡ ಬೇಕಾಗಿಲ್ಲ. ಭಾನುವಾರ ಒಂದು ಗಂಟೆ, ಒಂದು ಕೋಣೆ, ಐದು ಮಕ್ಕಳು, ಅವರ ಅಜ್ಜನೋ ಅಜ್ಜಿಯೋ ಒಬ್ಬರು. ಇಂಗ್ಲಿಷ್ ಶಾಲೆ ಇಂಗ್ಲಿಷ್ ಶಾಲೆಯಾಗಿಯೇ ಇರಲಿ. ಮೊದಲ ಪಾಠಕ್ಕೆ ಈ ಕ್ರಿಯಾಪದವೇ ಆಗಬಹುದು. ಐದು ವಸ್ತುಗಳನ್ನು ಮೇಜಿನ ಮೇಲಿಡಿ: ಕೊಡೆ, ಡಬ್ಬಿ, ಗಂಟು, ಪುಸ್ತಕ, ಬೀಗ. ಒಂದೊಂದನ್ನೂ ಮುಚ್ಚಿಸಿ, ಒಂದೊಂದನ್ನೂ ತೆರೆಯಿಸಿ, ಮಾಡಿದ್ದನ್ನು ಕನ್ನಡದಲ್ಲಿ ಹೇಳಿಸಿ. ‘ಕೊಡೆಯನ್ನು ಮತ್ತೆ ಬಿಚ್ಚಿದೆ. ಡಬ್ಬಿಯ ಮುಚ್ಚಳವನ್ನು ತಿರುಗಿ ತೆಗೆದೆ. ಗಂಟನ್ನು ಇನ್ನೊಮ್ಮೆ ಬಿಚ್ಚಿದೆ.’ ಅರ್ಧ ಗಂಟೆಯಲ್ಲಿ ಮಗುವಿನ ಕೈಯೂ ನಾಲಗೆಯೂ ಒಟ್ಟಿಗೆ ಕಲಿಯುತ್ತವೆ. ಅದೇ ಮಗು ಸೋಮವಾರ ಶಾಲೆಗೆ ಹೋಗಿ ‘ರೀಓಪನ್’ ಎಂಬುದನ್ನು ಇಂಗ್ಲಿಷ್ ವಾಕ್ಯದಲ್ಲಿಯೂ ತಪ್ಪಿಲ್ಲದೆ ಬಳಸುತ್ತದೆ. ಏಕೆಂದರೆ ಅದರ ಹಿಂದೆ ‘ಅಗೇನ್’ ಬೇಡವೆಂಬುದೂ ಅದಕ್ಕೆ ತಿಳಿದಿರುತ್ತದೆ. ಒಂದು ಭಾಷೆಯನ್ನು ಚೆನ್ನಾಗಿ ಬಲ್ಲವನಿಗೆ ಇನ್ನೊಂದು ಭಾಷೆ ಶತ್ರುವಲ್ಲ.

ಇಂಗ್ಲಿಷ್ ಮಾತನ್ನು ಮನೆಯಿಂದ ಓಡಿಸಿರೆಂದು ನಾನು ಹೇಳಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ಬಸ್ಸು, ಬ್ಯಾಂಕು, ಟಿಕೇಟುಗಳು ನಮ್ಮವೇ ಆಗಿವೆ. ಅವು ಬಂದಾಗ ನಮ್ಮದೊಂದು ಮಾತೂ ಸಾಯಲಿಲ್ಲ, ಇಲ್ಲದ ವಸ್ತುವಿಗೆ ಹೆಸರು ಬಂತು. ‘ರೀಓಪನ್’ ಹಾಗಲ್ಲ. ಅದು ಒಂದು ಬಂದು ಕುಳಿತರೆ ತೆರೆ, ತೆಗೆ, ಬಿಚ್ಚು, ಬಿಡು, ಎತ್ತು, ಸುರುಮಾಡು ಎಂಬ ಆರು ಮಾತುಗಳು ಎದ್ದು ಹೋಗಬೇಕಾಗುತ್ತದೆ. ಬಳಸದ ಬೀಗದ ಕೈಗೆ ತುಕ್ಕು ಹಿಡಿಯುವುದು ಸಹಜ. ತುಕ್ಕು ಹಿಡಿದ ಕೈಯನ್ನು ಎಣ್ಣೆ ಹಚ್ಚಿ ತಿರುಗಿಸುವುದಕ್ಕೆ ವಿದ್ವತ್ತು ಬೇಡ. ಮನೆಯಲ್ಲಿ ಎರಡು ಹೊತ್ತು ಊಟಕ್ಕೆ ಕುಳಿತಾಗ ಆಡುವ ಮಾತು ಸಾಕು.

ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ಸಂಘದ ಕಾರ್ಯದರ್ಶಿಗಳು ತಮ್ಮ ವರದಿಯ ನಡುವೆ ಒಂದು ಚಿಕ್ಕ ವಾಕ್ಯವನ್ನು ಬರೆಯುವಂತಾಗಲಿ. ಅದರಲ್ಲಿ ‘ರೀಓಪನ್’ ಇರಬಾರದು, ‘ತೆರೆಯಲ್ಪಟ್ಟಿತು’ ಇರಬಾರದು. ‘ನಮ್ಮ ಮಕ್ಕಳ ಕನ್ನಡ ತರಗತಿಯನ್ನು ನಾವು ಸುರುಮಾಡಿದೆವು’ ಎಂದಿಷ್ಟೇ ಇರಲಿ. ‘ಮತ್ತೆ’ ಎಂಬುದನ್ನು ಸೇರಿಸಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಡುತ್ತೇನೆ.